ಉಸಿರು ಒಳಗೆಳೆದುಕೊಳ್ಳುವ ಪೆಟ್ಟಿಗೆ

ಮೊದಲೇ ಒಪ್ಪಿಕೊಂಡುಬಿಡುತ್ತೇನೆ: ಆ ಸದ್ದನ್ನು ನಮ್ಮ ಶೆಡ್ಡಿನೊಳಗೆ ಮೊದಲು ತಂದವನು ನಾನೇ. ಆಮೇಲೆ ಅದು ನನ್ನ ಅಪ್ಪಣೆಗೆ ಕಾಯದೆ ತಾನಾಗಿಯೇ ಬರತೊಡಗಿತು, ಆ ಮಾತು ಬೇರೆ. ಮಂಗಾಟ ಮಾತ್ರ ನನ್ನದು. ಇಳಕಲ್ಲಿನಲ್ಲಿ ನನ್ನನ್ನು ಬಲ್ಲವರಿಗೆ ಇದರಲ್ಲಿ ಆಶ್ಚರ್ಯವೇನೂ ಇರಲಾರದು. ಸಾಲಿಯಲ್ಲಿ ಹೆಡ್ ಮಾಸ್ತರರ ಹಾಗೆಯೇ ಕೆಮ್ಮಿ ಇಡೀ ವರ್ಗವನ್ನು ಎದ್ದು ನಿಲ್ಲಿಸಿದವನು ನಾನು. ಅವರು ಹಿಂದೆಯೇ ನಿಂತಿದ್ದರು ಎಂಬುದು ಎಲ್ಲರಿಗಿಂತ ಕೊನೆಗೆ ಗೊತ್ತಾದದ್ದೂ ನನಗೇ.

ಐಸ್‌ಲ್ಯಾಂಡಿಗೆ ಬಂದಿಳಿದ ದಿನ ನನ್ನನ್ನು ಕರೆದೊಯ್ಯಲು ಬಂದವರು ಸಿಗ್ರೂನ್ ಎಂಬ ಹೆಂಗಸು, ನನ್ನ ಹೊಸ ಮೇಲಧಿಕಾರಿ. ಬೆಳ್ಳನೆಯ ಕೂದಲು, ಗಂಡಸರ ಬೂಟು. "ನೀವೇ ಸಿಗ್ರೂನ್ ಅವರಾ?" ಎಂದು ಕೇಳಿದೆ. ಅವರು ಬಾಯಿ ಅರ್ಧ ತೆರೆದು ಹಕ್ಕನೆ ಉಸಿರನ್ನು ಒಳಗೆಳೆದುಕೊಂಡರು. ಎದೆನೋವು ಬಂದವರು ಎಳೆದುಕೊಳ್ಳುತ್ತಾರಲ್ಲ, ಥೇಟ್ ಹಾಗೆ. ನಾನು ಗಾಬರಿಯಾಗಿ ನನ್ನ ನೀರಿನ ಬಾಟಲಿ ಮುಂದೆ ಹಿಡಿದೆ. ಅವರು ಬಾಟಲಿಯನ್ನು ನೋಡಿದರು, ನನ್ನನ್ನು ನೋಡಿದರು. "ಬಾಯಾರಿಕೆಯಾಗಿದೆ ಅಂದುಕೊಂಡಿರಾ?" ಎಂದರು.

ಅವರು ಹೇಳಿದ್ದು ಬರೀ "ಹೌದು". ಇಲ್ಲಿಯ ಭಾಷೆಯಲ್ಲಿ ಹೌದು ಎನ್ನಲು "ಯಾವ್" ಎನ್ನುತ್ತಾರೆ, ಬಹಳ ಜನ ಅದನ್ನು ಒಳಕ್ಕೆ ಹೋಗುವ ಉಸಿರಿನ ಮೇಲೆ ಆಡುತ್ತಾರೆ. ನಮ್ಮ ಕಡೆ ಹೂಂ ಅಂದರೆ ಮೂರು ಮನೆಗೆ ಕೇಳಬೇಕು. ಇಲ್ಲಿ ಒಪ್ಪಿಗೆಯನ್ನು ನುಂಗಿಬಿಡುತ್ತಾರೆ. ಅಂಗಡಿಯಲ್ಲಿ, ಬ್ಯಾಂಕಿನಲ್ಲಿ, ನನ್ನ ಬೆನ್ನ ಹಿಂದೆ, ಎಲ್ಲೆಲ್ಲೂ ಯಾರೋ ಹಕ್ಕೆಂದು ಉಸಿರೆಳೆಯುತ್ತಿದ್ದರು. ಕಣ್ಣು ಮುಚ್ಚಿಕೊಂಡರೆ ಊರೇ ಏನನ್ನೋ ಕಂಡು ಬೆಚ್ಚಿದಂತೆ ಕೇಳುತ್ತಿತ್ತು.

ಇನ್ನೊಂದು ಕಷ್ಟ, ಇಲ್ಲಿ ಅಕ್ಕ ಇಲ್ಲ, ಕಾಕಾ ಇಲ್ಲ, ಕೊನೆಗೆ ಹಚ್ಚಲು ಒಂದು "ರಿ" ಕೂಡ ಇಲ್ಲ. ಎಲ್ಲರಿಗೂ ಬರೀ ಹೆಸರು. ತಾಯಿಯ ವಯಸ್ಸಿನ ಮೇಲಧಿಕಾರಿಯನ್ನು ಹಾಗೆ ಕರೆಯಲು ನನ್ನ ನಾಲಿಗೆ ಏಳಲಿಲ್ಲ. ಮನಸ್ಸಿನಲ್ಲೇ ಸಿಗ್ರೂನಕ್ಕ ಎಂದು ಹೆಸರಿಟ್ಟೆ. ಅವರ ಇಂಗ್ಲಿಷು ನನ್ನ ಕಿವಿಗೆ ಇಳಕಲ್ಲಿನ ಯಾರೋ ದೊಡ್ಡವ್ವನ ಮಾತಿನ ಹಾಗೆಯೇ ಬೀಳುತ್ತಿತ್ತು. ಇನ್ನು ಮುಂದೆ ಇಲ್ಲಿಯವರ ಮಾತನ್ನೆಲ್ಲ ಹಾಗೆಯೇ ಬರೆಯುತ್ತೇನೆ. ಅನುಕರಣೆ ಮಾಡುವವನಿಗೆ ಅಷ್ಟು ಹಕ್ಕಿರಲಿ.

ನಾನಿರುವ ಊರು ಚಿಕ್ಕದು. ಮನೆಗಳ ಹಿಂದೆ ನೆಲವೇ ಹೊಗೆಯಾಡುತ್ತದೆ. ನಮ್ಮಲ್ಲಿ ಹಿತ್ತಲಿನಿಂದ ಹೊಗೆ ಎದ್ದರೆ ನೀರು ಕಾಯುತ್ತಿದೆ ಎಂದು ಅರ್ಥ. ಇಲ್ಲಿಯೂ ಅದೇ ಅರ್ಥ, ಒಲೆ ಹಚ್ಚಿದವರು ಮಾತ್ರ ಯಾರೂ ಇಲ್ಲ. ಬಿಸಿನೀರಿನ ಬುಗ್ಗೆಯ ಪಕ್ಕ ರೈ ಎಂಬ ಧಾನ್ಯದ ಹಿಟ್ಟನ್ನು ಡಬ್ಬಿಯಲ್ಲಿ ತುಂಬಿ ಹೂಳುತ್ತಾರೆ, ಮರುದಿನ ಅಗೆದು ತೆಗೆದು ತಿನ್ನುತ್ತಾರೆ. ಕಪ್ಪಗಿನ ಸಿಹಿ ರೊಟ್ಟಿ. ರುಚಿಯೇನೋ ಇದೆ, ಆದರೆ ಅನ್ನವನ್ನು ಮಣ್ಣು ಮಾಡಿ ಮತ್ತೆ ಎಬ್ಬಿಸಿ ತಿನ್ನುವುದು ನನಗೆ ಬಹಳ ದಿನ ಗಂಟಲಲ್ಲಿ ಇಳಿಯಲಿಲ್ಲ. ಅದೇ ಹಿಟ್ಟಿನಲ್ಲಿ ಜೋಳದ ರೊಟ್ಟಿಯಂತೆ ಬಡಿಯಲು ಹೋದೆ. ಅದು ಅಂಗೈಗೆ ಅಂಟಿಕೊಂಡು ನನ್ನನ್ನೇ ಬಡಿಯಿತು.

ನಲ್ಲಿ ತಿರುಗಿಸಿದರೆ ಕೊಳೆತ ಮೊಟ್ಟೆಯ ವಾಸನೆ. ಭೂಮಿಯ ಹೊಟ್ಟೆಯಿಂದ ನೀರಿನ ಜೊತೆ ಬರುವ ಗಂಧಕದ ಅನಿಲ. ನನ್ನ ಜೊತೆ ಕೆಲಸ ಮಾಡುವ ಯೋನ್, ನನ್ನದೇ ವಯಸ್ಸಿನವನು, ಮೊದಲ ದಿನವೇ ನನ್ನ ಎದೆಗೆ ಆ ಅನಿಲ ಹೆಚ್ಚಾದರೆ ಕೂಗುವ ಒಂದು ಪುಟ್ಟ ಯಂತ್ರ ಸಿಕ್ಕಿಸಿದ.

"ವಾಸನಿ ಬಂದ್ರ ಹೆದರಬ್ಯಾಡ," ಎಂದ. "ಭಾಳ ಬರಾಕತ್ತಿದ್ದು ಒಮ್ಮೆಲೇ ನಿಂತ ಹೋತಂದ್ರ ಓಡು."

"ನಿಂತ್ರ ಚಲೋನ ಆತಲ್ಲ?"

"ಗಾಳಿ ಸ್ವಚ್ಛ ಆಗಿರೂದಿಲ್ಲಪಾ. ನಿನ್ನ ಮೂಗು ಸತ್ತಿರತೈತಿ. ಮುಂದಿನ ಪಾಳಿ ನಿಂದು." ಅಷ್ಟು ಹೇಳಿ ಅವನು ಹಕ್ಕೆಂದು ಉಸಿರೆಳೆದುಕೊಂಡ, ತನ್ನ ಮಾತಿಗೆ ತಾನೇ ಹೌದು ಎಂದು.

ಆ ಅನಿಲ ಮೂಗಿಗಿಂತ ಮೊದಲು ಹಿಡಿದದ್ದು ನನ್ನ ನಡುವನ್ನು. ಅವ್ವ ಕಟ್ಟಿ ಕಳಿಸಿದ ಬೆಳ್ಳಿಯ ಉಡದಾರ ಕೆಲವೇ ದಿನಗಳಲ್ಲಿ ಇದ್ದಿಲಿನಂತೆ ಕಪ್ಪಾಯಿತು. ವಿಡಿಯೋ ಕರೆಯಲ್ಲಿ ಅಂಗಿ ಎತ್ತಿ ತೋರಿಸಿದೆ, ನಗಲಿ ಎಂದು.

"ಏನಲೇ ಮಾಂತ್ಯಾ ಅದು, ಕಬ್ಬಣದ್ದು ಹಾಕ್ಕೊಂಡೀಯೇನು?"

"ನೀ ಕಟ್ಟಿದ್ದ ಬೆಳ್ಳೀದ ಯವ್ವಾ. ಇಲ್ಲಿ ಗಾಳಿಗೆ ಕರ್ರಗಾತು."

"ಬೆಳ್ಳೀನ್ನ ಕರ್ರಗ ಮಾಡೂ ಗಾಳಿ ನಿನ್ನ ಬಿಟ್ಟೀತೇನು? ಒಳಗ ಹೆಂಗಾಗೀಯೊ ಯಾರಿಗ್ಗೊತ್ತು." ಅವಳು ನಗಲಿಲ್ಲ. ಆ ಮಾತು ಮಾತ್ರ ನನ್ನೊಳಗೆ ಕುಳಿತಿತು.

ನನ್ನ ಕೆಲಸ ಏನು ಎಂದು ಊರಿನಲ್ಲಿ ಕೇಳಿದವರಿಗೆಲ್ಲ ಇಲ್ಲಿಯೇ ಒಂದು ಸಲ ಹೇಳಿಬಿಡುತ್ತೇನೆ. ಇಲ್ಲಿ ಭೂಮಿಯೊಳಗಿನ ಬಿಸಿಯಿಂದ ಕರೆಂಟು ಮಾಡುತ್ತಾರೆ. ಆದರೆ ಒಳಗಿನಿಂದ ಬರುವ ನೀರೂ ಆವಿಯೂ ತಮ್ಮ ಜೊತೆ ಉಪ್ಪು, ಅನಿಲ, ಕರಗಿದ ಕಲ್ಲು ಎಲ್ಲ ಹೊತ್ತು ಬರುತ್ತವೆ. ಮುಟ್ಟಿದ ಲೋಹವನ್ನು ತಿನ್ನುತ್ತವೆ. ಅದಕ್ಕೆ ಒಂದು ಪೆಟ್ಟಿಗೆ ಬೇಕು. ಅದರೊಳಗೆ ಕೊಳೆ ಆವಿ ಒಂದು ಕಡೆ, ಶುದ್ಧ ದ್ರವ ಇನ್ನೊಂದು ಕಡೆ, ನಡುವೆ ತೆಳು ಲೋಹದ ಗೋಡೆ. ಒಂದನ್ನೊಂದು ಮುಟ್ಟದೆ ಬಿಸಿಯನ್ನು ಮಾತ್ರ ದಾಟಿಸಬೇಕು. ಇದೇ ಶಾಖ ವಿನಿಮಯಕ. ಟೈಟಾನಿಯಂ ಎಂಬ ಲೋಹದಲ್ಲಿ ಮಾಡಿದರೆ ಬಹಳ ವರ್ಷ ಬಾಳುತ್ತದೆ, ಬೆಲೆ ಕೇಳಿದರೆ ಎದೆ ಒಡೆಯುತ್ತದೆ. ಸಾದಾ ಉಕ್ಕಿನಲ್ಲಿ ಮಾಡಿದರೆ ಅಗ್ಗ, ಬೇಗ ತೂತು.

ನಾನು ಸೀರೆ ನೇಯುವವರ ಮನೆಯವನು. ನನ್ನ ತಲೆಗೆ ಬಂದ ಉಪಾಯ ಸೀರೆಯದೇ. ಇಳಕಲ್ ಸೀರೆಯಲ್ಲಿ ಒಡಲು ಹತ್ತಿ, ಸೆರಗು ರೇಷ್ಮೆ. ಒಡಲಿನ ಒಂದೊಂದು ಎಳೆಯ ಕುಣಿಕೆಯಲ್ಲಿ ಸೆರಗಿನ ಒಂದೊಂದು ಎಳೆ ಸಿಕ್ಕಿಸಿ ಎರಡನ್ನೂ ಮಗ್ಗದ ಮೇಲೆಯೇ ಕೂಡಿಸುತ್ತಾರೆ. ಎದ್ದು ಕಾಣುವಲ್ಲಿ ದುಬಾರಿ ನೂಲು, ಉಳಿದಲ್ಲಿ ಅಗ್ಗದ್ದು. ಪೆಟ್ಟಿಗೆಯೂ ಹಾಗೇ ಆಗಬಾರದೇಕೆ? ಆವಿ ನುಗ್ಗಿ ಬಡಿಯುವ ಬಾಯಿಗೆ ಮಾತ್ರ ಟೈಟಾನಿಯಂ, ಮೈಗೆಲ್ಲ ಬಣ್ಣ ಬಳಿದ ಸಾದಾ ಉಕ್ಕು. ನಡುವೆ ದುಂಡನೆಯ ಕೂಡಿಕೆ, ಸುತ್ತ ಬೋಲ್ಟು. ಸಿಗ್ರೂನಕ್ಕ ನಾನು ಬರೆದ ಚಿತ್ರ ನೋಡಿದರು, ಉಸಿರೆಳೆದರು. ಅಂದರೆ ಹೌದು. ಮೇಲಿನವರ ಮುಂದೆ ನನ್ನ ಪರವಾಗಿ ಮಾತು ಕೊಟ್ಟು ಬಂದರು. ಚಳಿಗಾಲವಿಡೀ ಪೆಟ್ಟಿಗೆ ಕೆಡದೆ ನಿಂತರೆ ನನ್ನ ಕೆಲಸ ಕಾಯಂ. ಕೆಟ್ಟರೆ ಅದೂ ಮೂಲೆಗೆ, ನಾನೂ ಊರಿಗೆ.

ಚಳಿಗಾಲ ಎಂದರೆ ಏನೆಂದು ಆಮೇಲೆ ಗೊತ್ತಾಯಿತು. ಬೆಳಗಿನ ಹತ್ತು ಗಂಟೆಗೂ ಕಗ್ಗತ್ತಲು. ಇವರ ಭಾಷೆಯಲ್ಲಿ ಒಂದು ಚೆಂದದ ಪದವಿದೆ, ಗ್ಲುಗ್ಗವೇದುರ್, ಎಂದರೆ ಕಿಟಕಿಯ ಹವಾ: ಒಳಗೆ ಕುಳಿತು ನೋಡಲು ಮಾತ್ರ ಚೆಂದ, ಹೊರಗೆ ಕಾಲಿಟ್ಟರೆ ಕಿವಿ ಉದುರುತ್ತದೆ. ಕೆಲಸಕ್ಕೆ ನಡೆದು ಹೋಗುವಾಗ ಬಿಳಿ ಬಯಲಲ್ಲಿ ನಾನೊಬ್ಬನೇ. ಒಂಟಿತನಕ್ಕೆ ನನಗೆ ಗೊತ್ತಿರುವುದು ಒಂದೇ ಮದ್ದು. "ಕಮತಗಿ ಇಳಿಯೋರು ಮುಂದ ಬರ್ರಿ! ಹುನಗುಂದ, ಹುನಗುಂದ, ಹುನಗುಂದs!" ಎಂದು ನಮ್ಮ ಕಡೆಯ ಬಸ್ ಕಂಡಕ್ಟರನ ದನಿ ತೆಗೆದು ಕೂಗಿದೆ. ಬಾಗಲಕೋಟೆಯಲ್ಲಿ ಓದುವಾಗ ರಜೆಯ ದಿನ ಬಾದಾಮಿಗೆ ಹೋಗಿ ಕೆರೆಯ ದಂಡೆಯಲ್ಲಿ ನಿಂತು ಹೀಗೇ ಕೂಗುತ್ತಿದ್ದೆ. ಅಲ್ಲಿಯ ಕೆಂಪು ಬಂಡೆಗಳು ನನ್ನ ಮೊದಲ ಶಿಷ್ಯರು, ಅಂದದ್ದನ್ನು ಅಂದ ಹಾಗೆಯೇ ಒಪ್ಪಿಸುತ್ತಿದ್ದವು. ಇಲ್ಲಿಯ ಹಿಮ ಏನನ್ನೂ ತಿರುಗಿ ಕೊಡಲಿಲ್ಲ. ದನಿ ಹೋಯಿತು, ಹೋದದ್ದು ಹೋಗಿಯೇಬಿಟ್ಟಿತು. ಬಸ್ಸೂ ಇಲ್ಲ, ಇಳಿಯುವವರೂ ಇಲ್ಲ.

ಅದಕ್ಕೇ ಶೆಡ್ಡಿನೊಳಗೆ ಕಳ್ಳಾಟ ಹೂಡಿದೆ. ಅಲ್ಲಿ ಪೆಟ್ಟಿಗೆಗಳು ಸಾಲಾಗಿ ನಿಂತಿವೆ, ಕೊನೆಯದು ನನ್ನದು. ಯೋನ್ ಮೀಟರು ನೋಡಲು ಬಂದಾಗ ನನ್ನ ಪೆಟ್ಟಿಗೆಯ ಹಿಂದೆ ಕುಳಿತು ಸಿಗ್ರೂನಕ್ಕನ ಹಾಗೆ ಹಕ್ಕೆಂದು ಉಸಿರೆಳೆಯುತ್ತಿದ್ದೆ. ಅವನು ಅವರೇ ಬಂದರೆಂದು ತಿರುಗಿ ಸಲಾಮು ಹೊಡೆದು, ಯಾರೂ ಇಲ್ಲದ್ದನ್ನು ಕಂಡು ಬೆವರುತ್ತಿದ್ದ. ಸಿಕ್ಕಿಬಿದ್ದಾಗ ಇಬ್ಬರೂ ನಕ್ಕೆವು. ಸಿಗ್ರೂನಕ್ಕ ಕೂಡ ತುಟಿಯ ಒಂದು ಮೂಲೆಯಲ್ಲಿ ನಕ್ಕರು. ಪರದೇಶದಲ್ಲಿ ನನ್ನ ಮೊದಲ ಗೆಲುವು ಅದು.

ಹೀಗಿರುವಾಗ ಒಂದು ಬೆಳಿಗ್ಗೆ, ಶೆಡ್ಡಿನಲ್ಲಿ ನಾನೊಬ್ಬನೇ ಇದ್ದಾಗ, ನನ್ನ ಪೆಟ್ಟಿಗೆ "ಯಾವ್" ಎಂದಿತು.

ಸ್ಪಷ್ಟವಾಗಿ, ಒಳಕ್ಕೆಳೆದ ಉಸಿರಿನಲ್ಲಿ. ಯಾರದು ಎಂದು ಕೇಳಿದೆ. ಮೋಟರಿನ ಗುಂಯ್ ಬಿಟ್ಟು ಏನಿಲ್ಲ. ಸ್ವಲ್ಪ ಹೊತ್ತಿಗೆ ಮತ್ತೆ. ಯೋನ್ ಸೇಡು ತೀರಿಸಿಕೊಳ್ಳುತ್ತಿದ್ದಾನೆಂದು ಪೆಟ್ಟಿಗೆಯ ಸುತ್ತ ತಿರುಗಿದೆ. ಹಿಂದೆ ಯಾರೂ ಇಲ್ಲ, ಧೂಳಿನಲ್ಲಿ ನಾನು ಕುಳಿತೆದ್ದ ಗುರುತು ಮಾತ್ರ. ಬಾದಾಮಿಯಲ್ಲಿ ನಾನು ಮೊದಲು, ಬಂಡೆ ಆಮೇಲೆ. ಇಲ್ಲಿ ನಾನು ಬಾಯಿ ಮುಚ್ಚಿದ್ದೆ, ದನಿ ನಡೆದೇ ಇತ್ತು. ಬೆಚ್ಚಿ ಉಸಿರು ಎಳೆದುಕೊಂಡೆ. ಆಗ ಅದು ಉತ್ತರ ಕೊಟ್ಟಿತು.

ಯೋನ್‌ಗೆ ಹೇಳಿದೆ. ಅವನು ಹೊಟ್ಟೆ ಹಿಡಿದು ನಕ್ಕ. "ಭಾರಿ ಕಲ್ತೀಯಪಾ, ಈಗ ತುಟೀನೂ ಅಲ್ಲಾಡೂದಿಲ್ಲ!" ಅವನ ಎದುರಿಗೇ ಪೆಟ್ಟಿಗೆ ಉಸಿರೆಳೆಯಿತು, ಅವನು ನನಗೆ ಚಪ್ಪಾಳೆ ತಟ್ಟಿದ. ನಾನಲ್ಲ ಎಂದಷ್ಟೂ ಅವನಿಗೆ ನಾನೇ. ಕೆಲವು ದಿನ ಕಳೆದ ಮೇಲೆ, ನಾನೇ ಮಾಡುತ್ತಿದ್ದೇನೇನೋ ಎಂದು ನನಗೂ ಗುಮಾನಿ ಬಂತು. ಮನೆಗೆ ಬಂದು ಅವ್ವನ ಜೊತೆ ಮಾತಾಡುವಾಗ ಅವಳು ಊಟ ಆಯಿತೇನೋ ಎಂದರೆ ಹಕ್ಕೆಂದು ಉಸಿರೆಳೆದಿದ್ದೆ. ಅವಳು ಫೋನನ್ನು ದೂರ ಹಿಡಿದು, "ಲೇ, ನಿನ್ನ ಬಾಯಾಗ ಯಾರ ಕುಂತಾರ?" ಎಂದಳು.

ಆ ಸದ್ದು ಏನೆಂದು ನನ್ನೊಳಗಿನ ಎಂಜಿನಿಯರನಿಗೆ ಅಷ್ಟರಲ್ಲಿ ಹೊಳೆದಿತ್ತು. ಕೊನೆಯ ಪೆಟ್ಟಿಗೆಯಲ್ಲಿ ಆವಿ ತಣಿದು ನೀರಾಗುತ್ತದೆ. ಆವಿ ಹರಡಿಕೊಂಡಿದ್ದ ಜಾಗ ಖಾಲಿಯಾಗುತ್ತದೆ, ಒಳಗಿನ ಒತ್ತಡ ಹೊರಗಿನದಕ್ಕಿಂತ ಇಳಿಯುತ್ತದೆ. ಅಂಥ ಪೆಟ್ಟಿಗೆಗೆ ತೂತು ಬಿದ್ದರೆ ಏನೂ ಹೊರಗೆ ಸೋರುವುದಿಲ್ಲ. ಹೊರಗಿನ ಗಾಳಿಯೇ ಒಳಗೆ ನುಗ್ಗುತ್ತದೆ. ನೆಲ ಒದ್ದೆಯಾಗುವುದಿಲ್ಲ, ಹೊಗೆ ಕಾಣುವುದಿಲ್ಲ. ಒತ್ತಡ ಏರಿಳಿದಾಗೊಮ್ಮೆ ಒಂದು ಉಸಿರು ಕೇಳುತ್ತದೆ, ಅಷ್ಟೇ. ಒಳಹೊಕ್ಕ ಗಾಳಿ ಉಕ್ಕನ್ನು ಇನ್ನೂ ಬೇಗ ತಿನ್ನುತ್ತದೆ. ಅಲ್ಲಿ ತಣಿದ ನೀರೇ ಬೇರೆ ಪೆಟ್ಟಿಗೆಗಳಿಗೂ ಸುತ್ತುತ್ತಿತ್ತು, ಬಿಟ್ಟರೆ ಇಡೀ ಸಾಲು ಹಾಳು.

ಹೇಳಿ ಒಪ್ಪಿಸಿದೆನೋ, ಕೆಟ್ಟದ್ದು ನನ್ನ ಕೂಡಿಕೆ ಎಂದು ನಾನೇ ಸಾಬೀತು ಮಾಡಿದಂತೆ. ಸುಮ್ಮನಿದ್ದರೆ? ಎಲ್ಲರೂ ಅದನ್ನು ನನ್ನ ಮಂಗಾಟವೆಂದೇ ನಂಬಿದ್ದರು. ಚಳಿಗಾಲ ಮುಗಿಯಲು ಹೆಚ್ಚು ದಿನ ಇರಲಿಲ್ಲ. ಕೆಲಸ ಕಾಯಂ ಆದ ಮೇಲೆ ಪೆಟ್ಟಿಗೆ ಏನಾದರೂ ಆಗಲಿ ಎಂದು ಒಳಗಿನ ಕಪ್ಪು ಬೆಳ್ಳಿ ಹೇಳುತ್ತಿತ್ತು.

ನವನಗರದ ಶಂಕ್ರಪ್ಪ ಮಾಮಾನಿಗೆ ಫೋನು ಮಾಡಿದೆ. ಅವ್ವನ ತಮ್ಮ, ಬಾಗಲಕೋಟೆಯಲ್ಲಿ ಓದುವಾಗ ಅವನ ಮನೆಯಲ್ಲೇ ಇದ್ದೆ. ಹಳೆಯ ಬಾಗಲಕೋಟೆಯ ಅವನ ಮನೆ ಅಣೆಕಟ್ಟಿನ ಹಿನ್ನೀರಿನಲ್ಲಿ ಮುಳುಗಿಹೋಯಿತು. ಇಂದಿಗೂ ಅವನು ದಂಡೆಯ ಮೇಲೆ ನಿಂತು, ಬರೀ ನೀರು ಕಾಣುವಲ್ಲಿ ಬೆರಳು ಮಾಡಿ, "ಅಕಾ, ಅಡಗಿಮನಿ ಅಲ್ಲೈತಿ ನೋಡು," ಎನ್ನುತ್ತಾನೆ. ಸದ್ದನ್ನು ರೆಕಾರ್ಡು ಮಾಡಿ ಕೇಳಿಸಿದೆ. ಮಾಮಾ ಅದನ್ನು ಇನ್ನೊಮ್ಮೆ ಹಚ್ಚಿಸಿ ಕೇಳಿದ.

"ನಮ್ಮ ಓಣ್ಯಾಗ ನೀರು ಸಪ್ಪಳಿಲ್ಲದ ಬಂತೋ ಮಾಂತೇಶ. ಮುಂಜಾನಿ ಎದ್ದು ನೋಡಿದ್ರ ಹೊಸ್ತಲದಾಗ ಕುಂತಿತ್ತು. ಸಪ್ಪಳಾ ಮಾಡಿದ್ರ ಇನ್ನೊಂದೆರಡು ಸಾಮಾನ ತರತಿದ್ನೇನೊ. ನಿನಗ ಒದರಿ ಹೇಳಾಕತ್ತೈತಿ, ನೀ ನನಗ ಫೋನ್ ಹಚ್ಚಿ ಕುಂತೀಯಲ್ಲ?"

ಮರುದಿನ ಬೆಳಿಗ್ಗೆ, ಬೆಳಕು ಇನ್ನೂ ಹರಿಯುತ್ತಿದ್ದಾಗ, ಸಿಗ್ರೂನಕ್ಕನನ್ನೂ ಯೋನ್‌ನನ್ನೂ ಪೆಟ್ಟಿಗೆಯ ಮುಂದೆ ಕರೆದು ನಿಲ್ಲಿಸಿದೆ.

"ಮತ್ತ ಶುರು ಆತು ಇವಂದು," ಎಂದ ಯೋನ್.

ಸಿಗ್ರೂನಕ್ಕ ನಲ್ಲಿಯಿಂದ ಒಂದು ಲೋಟ ನೀರು ತಂದು ನನ್ನ ಕೈಗೆ ಕೊಟ್ಟರು. "ಬಾಯ್ತುಂಬ ತಗೋ. ನುಂಗಬ್ಯಾಡ."

ಕೊಳೆತ ಮೊಟ್ಟೆಯ ನೀರನ್ನು ಎರಡೂ ಗಲ್ಲ ಉಬ್ಬುವಷ್ಟು ತುಂಬಿಕೊಂಡು ನಿಂತೆ. ಜೀವನದಲ್ಲಿ ನಾನು ಅಷ್ಟು ಹೊತ್ತು ಸುಮ್ಮನಿದ್ದದ್ದು ಅದೇ ಮೊದಲು. ಮೋಟರು ಗುಂಯ್‌ಗುಡುತ್ತಿತ್ತು. ಕಿಟಕಿಯಾಚೆ ಹಿಮ ನೀಲಿಯಾಗಿ ಬಿದ್ದಿತ್ತು. ಪೆಟ್ಟಿಗೆ ಉಸಿರೆಳೆಯಿತು.

ಯೋನ್ ನನ್ನ ಗಲ್ಲವನ್ನೇ ನೋಡುತ್ತಿದ್ದ. ಗಲ್ಲ ಅಲ್ಲಾಡಿರಲಿಲ್ಲ. ಅವನ ಮುಖದ ನಗು ಹಾಗೆಯೇ ಇತ್ತು, ಅದನ್ನು ಒಳಕ್ಕೆ ಕರೆದುಕೊಳ್ಳುವುದು ಅವನಿಗೆ ಮರೆತುಹೋಗಿತ್ತು. ಮತ್ತೊಂದು ಸಲ, "ಯಾವ್". ಈ ಸಲ ಸಿಗ್ರೂನಕ್ಕ ರೂಢಿಯ ಬಲದಿಂದ ತಾವೂ ಹಕ್ಕೆಂದು ಹೌದು ಅಂದುಬಿಟ್ಟರು. ಎರಡು ಉಸಿರುಗಳ ನಡುವೆ ಕೂದಲೆಳೆಯ ವ್ಯತ್ಯಾಸವಿರಲಿಲ್ಲ. ಅವರು ಕೈಯಿಂದ ಬಾಯಿ ಮುಚ್ಚಿಕೊಂಡರು. ನಾನು ನೀರನ್ನು ನುಂಗಿದೆ, ಉಗುಳಲು ಧೈರ್ಯ ಬರಲಿಲ್ಲ.

ಜೇಬಿನಲ್ಲಿ ಒಂದು ಕೆಂಪು ಎಳೆ ಇತ್ತು. ಅವ್ವ ತನ್ನ ಹಳೆಯ ಸೀರೆಗಳನ್ನು ಕೂಡಿಸಿ ಹೊಲಿದುಕೊಟ್ಟ ಕೌದಿಯನ್ನೇ ನಾನಿಲ್ಲಿ ಹೊದೆಯುವುದು. ಅದರ ಅಂಚಿನಿಂದ ಬೆಳಿಗ್ಗೆ ಬಿಡಿಸಿಕೊಂಡು ಬಂದಿದ್ದೆ. ಎರಡು ಬೆರಳಲ್ಲಿ ಹಿಡಿದು ಕೂಡಿಕೆಯ ಸುತ್ತ ಮೆಲ್ಲಗೆ ಸರಿಸಿದೆ. ಮೇಲೆ ಜೋತುಬಿದ್ದಿತ್ತು, ಬಲಕ್ಕೂ ಜೋತುಬಿದ್ದಿತ್ತು. ಕೆಳಗೆ ಎಡಕ್ಕೆ ಬರುತ್ತಿದ್ದಂತೆ, ಗಾಳಿಯೇ ಇಲ್ಲದ ಕೋಣೆಯಲ್ಲಿ, ಅದು ಎದ್ದು ನೆಟ್ಟಗೆ ನಿಂತಿತು. ಕೂಡಿಕೆಯ ಕಡೆ ತುದಿ ಮಾಡಿತು. ಮರುಗಳಿಗೆ ಒಂದು ಉಸಿರಿಗೆ ಅದರ ಮೊನೆ ಲೋಹದೊಳಗೆ ಹೋಯಿತು. ಜಗ್ಗಿದರೆ ಒಳಗಿನಿಂದಲೂ ಯಾರೋ ಜಗ್ಗಿದಂತಾಯಿತು. ನಾನು ಬಿಟ್ಟುಕೊಟ್ಟೆ. ಅವ್ವನ ಸೀರೆಯ ಎಳೆಯನ್ನು ಪೆಟ್ಟಿಗೆ ನುಂಗಿತು.

ಆವಿ ನಿಲ್ಲಿಸಿ ಕೂಡಿಕೆ ಬಿಚ್ಚಿದೆವು. ಟೈಟಾನಿಯಂ ಬಾಯಿ ಅಂಗಡಿಯಿಂದ ತಂದ ಹಾಗೆಯೇ ಹೊಳೆಯುತ್ತಿತ್ತು. ಅದಕ್ಕೆ ಹತ್ತಿದ ಉಕ್ಕಿನ ಅಂಚು ಗೆದ್ದಲು ತಿಂದ ಬಾಗಿಲ ಚೌಕಟ್ಟಿನಂತೆ ಪುಡಿಯಾಗುತ್ತಿತ್ತು. ಸೆರಗು ಹೊಸದು, ಒಡಲು ಚಿಂದಿ. ಉಪ್ಪು ನೀರಿನಲ್ಲಿ ಎರಡು ಲೋಹ ಮೈಮುಟ್ಟಿದರೆ ಹೆಚ್ಚಿನ ದರ್ಜೆಯದು ಉಳಿಯಲೆಂದು ಕಡಿಮೆ ದರ್ಜೆಯದು ಸವೆಯುತ್ತದೆ. ಇದು ನನಗೆ ಗೊತ್ತಿಲ್ಲದ್ದೇನಲ್ಲ, ನಡುವೆ ರಬ್ಬರಿನ ಹಾಸು ಕೂಡ ಹಾಕಿದ್ದೆ. ಆದರೆ ಸುತ್ತಲಿನ ಬೋಲ್ಟುಗಳು ಎರಡನ್ನೂ ಮುಟ್ಟಿಕೊಂಡೇ ಇದ್ದವು. ಹತ್ತಿಗೂ ರೇಷ್ಮೆಗೂ ಎಳೆ ಎಳೆ ಮುಟ್ಟಿಸಿ ಕೂಡಿಸುವುದನ್ನು ಹುಟ್ಟಿದಾಗಿನಿಂದ ನೋಡಿದ ಕಣ್ಣಿಗೆ, ಮುಟ್ಟಿದ್ದೇ ತಪ್ಪು ಎಂದು ಹೊಳೆಯಲೇ ಇಲ್ಲ. ರೇಷ್ಮೆ ಹತ್ತಿಯನ್ನು ತಿನ್ನುವುದಿಲ್ಲವಲ್ಲ.

ಸಿಗ್ರೂನಕ್ಕ ಉಕ್ಕಿನ ಪುಡಿಯನ್ನು ಬೆರಳಲ್ಲಿ ತಿಕ್ಕಿ ನೋಡಿದರು. "ಕೂಡಿಕಿ ಕೆಡಿಸಿದಿ. ಕೆಟ್ಟೈತಂತನೂ ನೀನ ಹೇಳಿದಿ. ಬ್ಯಾರೇದು ಮಾಡು."

"ಅಂದ್ರ ನಾ ಇಲ್ಲೇ ಇರ್ಲೇನು?"

ಅವರು ಉಸಿರು ಒಳಗೆಳೆದುಕೊಂಡರು.

ಹೊಸ ಕೂಡಿಕೆಯಲ್ಲಿ ಪ್ರತಿ ಬೋಲ್ಟಿಗೂ ಪ್ಲಾಸ್ಟಿಕ್ಕಿನ ಕೊಳವೆ ತೊಡಿಸಿದೆ. ಸೆರಗು ಒಡಲುಗಳ ನಡುವೆ ದಪ್ಪ ಉಕ್ಕಿನ ಒಂದು ಗಿಡ್ಡ ತುಂಡು ಇಟ್ಟೆ. ಸವೆದರೆ ಅದಷ್ಟೇ ಸವೆಯಲಿ, ಬಿಚ್ಚಿ ಬೇರೆ ಹಾಕಿದರಾಯಿತು, ಬೆಲೆ ಕಡಿಮೆ. ಪೆಟ್ಟಿಗೆ ಮೌನವಾಯಿತು. ಯೋನ್ ಈಗಲೂ ಅದರ ಮುಂದೆ ಹಾಯುವಾಗ ಹೆಜ್ಜೆ ಬಿರುಸು ಮಾಡುತ್ತಾನೆ. ನಾನು ಅದರ ಹಿಂದೆ ಹೋಗಿ ಕೂರುವುದನ್ನು ಬಿಟ್ಟಿದ್ದೇನೆ. ನಾನು ಉಸಿರೆಳೆದು, ಅದು ಉತ್ತರ ಕೊಟ್ಟರೆ ಕಷ್ಟ. ಕೊಡದಿದ್ದರೂ ಈಗ ಸ್ವಲ್ಪ ಬೇಜಾರೇ.

ಬೇಸಿಗೆಯಲ್ಲಿ ಊರಿಗೆ ಬಂದೆ. ಮಾಮಾ ಹಿನ್ನೀರಿನ ದಂಡೆಗೆ ಕರೆದೊಯ್ದು ಅಡಿಗೆಮನೆ ತೋರಿಸಿದ. ಈ ಸಲ ನನಗೂ ಕಂಡಂತಾಯಿತು. ಬಸ್ಸಿನಲ್ಲಿ ಕಂಡಕ್ಟರ್ ಹುನಗುಂದ ಎಂದು ಕೂಗಿದಾಗ ನಾನು ಬೆಚ್ಚಿದೆ, ನನ್ನ ದನಿಯನ್ನು ಯಾರೋ ತೆಗೆಯುತ್ತಿದ್ದಾರೆಂದು. ಇಳಕಲ್ಲಿನ ನಮ್ಮ ಮನೆಯಲ್ಲಿ ಪವರ್‌ಲೂಮಿನ ಸದ್ದಿಗೆ ಗೋಡೆ ನಡುಗುತ್ತಿತ್ತು, ಅಣ್ಣ ಕೂಗಿಯೇ ಮಾತಾಡುತ್ತಿದ್ದ. ನಲ್ಲಿಯ ನೀರಿಗೆ ವಾಸನೆಯೇ ಇಲ್ಲ. ವಾಸನೆ ನಿಂತರೆ ಓಡು ಎಂದು ಕಲಿತ ನನ್ನ ಕಾಲು ಒಂದು ಕ್ಷಣ ಬಾಗಿಲ ಕಡೆ ತಿರುಗಿತು.

ಅವ್ವ ನನ್ನ ಉಡದಾರ ಬಿಚ್ಚಿಸಿಕೊಂಡು ವಿಭೂತಿ ಹಚ್ಚಿ ತಿಕ್ಕುತ್ತ ಕುಳಿತಳು. ಕಪ್ಪು ಅವಳ ಬೆರಳಿಗೆ ಇಳಿಯುತ್ತಿತ್ತು.

"ಇನ್ನ ಅಲ್ಲೇ ಇರಾಂವೇನು?" ತಲೆ ಎತ್ತದೆ ಕೇಳಿದಳು.

ಉತ್ತರ ಯೋಚಿಸುವ ಮೊದಲೇ ನನ್ನ ಬಾಯಿ ಹಕ್ಕೆಂದು ಉಸಿರೆಳೆದುಕೊಂಡಿತು. ಅವಳ ಕೈ ನಿಂತಿತು.

"ಅದು ಹೌದು ಅಂದಂಗ ಯವ್ವಾ," ಎಂದೆ. "ಆದ್ರ ನಾ ಅಂದದ್ದು ಹೌದೊ ಅಲ್ಲೊ ನನಗs ಗೊತ್ತಾಗವಲ್ದು. ಅಲ್ಲಿದ್ರ ಇಲ್ಲೀ ದನಿ ಬರತೈತಿ, ಇಲ್ಲಿ ಬಂದ್ರ ಅಲ್ಲೀದು. ಎಲ್ಯಾಂವ ನಾ?"

ಅವಳು ಉಡದಾರವನ್ನು ಬೆಳಕಿಗೆ ಹಿಡಿದಳು. ಅರ್ಧ ಬೆಳ್ಳಗಾಗಿತ್ತು. ಮತ್ತೆ ತಿಕ್ಕತೊಡಗಿದಳು.

"ಅಲ್ಲೆ ಒಳಗ ಎಳಕೊಂಡ ಉಸುರನ್ನ ಇಲ್ಲೆ ಬಂದು ಬಿಡು. ಎರಡೂ ಒಂದ ಊರಾಗ ಮಾಡಬೇಕಂತ ನಿನಗ ಯಾರ ಹೇಳ್ಯಾರ?"